ಹಸಿರು ಮುಚ್ಚಳದ ಪೆನ್ನು

ಬೆಳಿಗ್ಗೆ ಗಣಿತದ ಪುಸ್ತಕ ಹುಡುಕುತ್ತಾ ಅಸ್ಮಾ ಪೆನ್ನಿನ ಮೇಲೆ ಕೂತಳು. ಪಟ್ಟೆಂದಿತು. ತನ್ನದಾಗಿದ್ದರೆ ಚಿಂತೆಯಿರಲಿಲ್ಲ. ಅದು ಸಂಘಮಿತ್ರಾಳದು, ಹೋಂವರ್ಕಿಗೆಂದು ನಿನ್ನೆ ಇಸಿದುಕೊಂಡು ಬಂದಿದ್ದಳು.

ಸಂಘಮಿತ್ರಾಗೆ ಆಟಿಸಂ. ಗದ್ದಲ ಆಗದು, ಬರೆಯುವುದು ಹಸಿರು ಮುಚ್ಚಳದ ಇಂಥ ಪೆನ್ನಿನಲ್ಲೇ. ಬೇರೆ ಪೆನ್ನು ಕೊಟ್ಟಾಗ ಅರ್ಧವಾರ್ಷಿಕ ಪರೀಕ್ಷೆಯ ಹಾಳೆ ಖಾಲಿ ಬಿಟ್ಟು ಎದ್ದು ಬಂದಿದ್ದಳು. ಅಸ್ಮಾಳ ಬಾಯಿಗೆ ಬ್ರೇಕಿಲ್ಲ. ಸಂಘಮಿತ್ರಾಳ ಕಿವಿಗೆ ಸದ್ದು ತಡೆಯುವ ಹೆಡ್‌ಫೋನು. ಹತ್ತನೇ ಕ್ಲಾಸಿನಲ್ಲಿ ಇಷ್ಟು ಹೊಂದಿಕೊಂಡ ಜೋಡಿ ಇನ್ನೊಂದಿರಲಿಲ್ಲ. ಇವತ್ತು ಗಣಿತದ ಟೆಸ್ಟು ಬೇರೆ.

"ಅಬ್ಬಾ, ಇದನ್ನ ಅಂಟಿಸಿ ಕೊಡು!"

ಅವಳಪ್ಪ ಇಸಾಕಸಾಬನಿಗೆ ಕೊಟ್ಟೂರಿನಲ್ಲಿ ಗ್ಯಾರೇಜಿತ್ತು. "ಲಾರಿ ಬಂಪರ್ ಕೂಡಿಸಿದಾಂವ ನಾನು, ಪೆನ್ನು ಯಾವ ಲೆಕ್ಕ! ಗಟ್ಟಿ ಹಿಡಿ ಬೇಟಿ," ಎಂದು ಬಂಪರಿಗೆ ಹಾಕುವಷ್ಟೇ ಗಮ್ಮು ಸುರಿದ. ಪೆನ್ನು ಕೂಡಿತು. ಜೊತೆಗೆ ಅಸ್ಮಾಳ ಬಲಗೈ ಹೆಬ್ಬೆರಳು, ತೋರುಬೆರಳು ಎರಡೂ ಒಂದಕ್ಕೊಂದು ಕೂಡಿದವು.

"ಕೆಲಸ ಅಂದ್ರ ಹಿಂಗಿರ್ಬೇಕು," ಎಂದ ಇಸಾಕಸಾಬ ಹೆಮ್ಮೆಯಿಂದ.

ಅಸ್ಮಾ ಕಿರುಚಿದ್ದಕ್ಕೆ ಇಡೀ ಓಣಿಯೇ ಬಂದು ಸೇರಿತು.

"ಒಳ್ಳೆಣ್ಣಿ ಹಚ್ಚವ್ವಾ, ಸರ್ರಂತ ಜಾರ್ತೈತಿ," ಎಂದು ಪಕ್ಕದ ಮನೆಯ ನಾಗಲಿಂಗಮ್ಮ ಬಟ್ಟಲು ತಂದಳು. ಜಾರಿದ್ದು ಬಟ್ಟಲು.

"ಎಣ್ಣಿಗೆ ಬಿಡಾಂಗಿಲ್ಲ, ಉಪ್ಪು ತಿಕ್ರಿ!" ಎಂದ ಎದುರು ಮನೆಯ ಬೆನಕಪ್ಪ. ಅದೂ ಆಯಿತು. ಎಣ್ಣೆ ಹೀರಲೆಂದು ಇನ್ಯಾರೋ ಕಡ್ಲಿಹಿಟ್ಟು ಸವರಿದರು. ಇನ್ನು ಬೆರಳನ್ನು ಬಾಣಲೆಗೆ ಬಿಡುವುದೊಂದೇ ಬಾಕಿ!

ಹಾಗೇ ಕೈಯನ್ನು ವೇಲಿನಲ್ಲಿ ಮುಚ್ಚಿಕೊಂಡು ಶಾಲೆಗೆ ಓಡಿದಳು. ಗೆಳತಿಗೆ ಏನೆಂದು ಹೇಳುವುದು? ಬೆಂಚಿನಲ್ಲಿ ನೋಡಿದರೆ ಸಂಘಮಿತ್ರಾಳ ಕೈಯಲ್ಲಿ ಹಸಿರು ಮುಚ್ಚಳದ ಪೆನ್ನು!

"ಲೇ, ನಿನ್ ಪೆನ್ನು ಇಲ್ಲೈತಲ್ಲೇ?"

"ಇದು ನಂದು. ನಿನಗ ಕೊಟ್ಟಿದ್ದು ಬ್ಯಾರೆ. ನೀನು ಸಾಮಾನು ಮುರೀತಿ, ಅದಕ್ಕ ನಿನಗಂತನ ಎರಡು ತೆಗೆದಿಟ್ಟೀನಿ."

"ನಿನ್ನೆನ ಹೇಳಾಕ ಏನಾಗಿತ್ತು?"

"ನೀ ಕೇಳ್ಲಿಲ್ಲ."

ಅಸ್ಮಾಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಎರ್ರೆಮ್ಮ ಟೀಚರು ಬಂದು ಆ ಕೈ ನೋಡಿ ಹೌಹಾರಿದರು. "ಈ ಕೈಯಾಗ ಏನ್ ಬರೀತಿ? ಮನಿಗೆ ಹೋಗವ್ವಾ."

ಗಣಿತದಿಂದ ಬಿಡುಗಡೆ! ಆವತ್ತು ಮೊದಲ ಸಲ ಅಸ್ಮಾಗೆ ಅಪ್ಪನ ಗಮ್ಮಿನ ಮೇಲೆ ಪ್ರೀತಿ ಉಕ್ಕಿತು. ಮುಖವನ್ನು ಆದಷ್ಟು ಬಾಡಿಸಿಕೊಂಡು ಬ್ಯಾಗೆತ್ತಿದಳು.

ಸಂಘಮಿತ್ರಾ ಹೆಡ್‌ಫೋನು ತೆಗೆದು ಎದ್ದು ನಿಂತಳು. "ಮೇಡಂ, ಬೆಚ್ಚನ ನೀರಾಗ ಸೋಪು ಹಾಕಿ ನೆನಸಿದ್ರ ಬಿಡ್ತೈತಿ. ಬಿಸಿಯೂಟದ ಮನಿಯಾಗ ನೀರು ಐತಿ."

ಬ್ಯಾಡ ಬ್ಯಾಡ ಎಂದು ಅಸ್ಮಾ ಕಣ್ಣು ಮಿಟುಕಿಸಿದಳು. ಸಂಘಮಿತ್ರಾ ಅದಕ್ಕೆ ಲಕ್ಷ್ಯ ಕೊಡದೆ ಅವಳ ಮೊಣಕೈ ಹಿಡಿದು ಅಡುಗೆ ಕೋಣೆಗೆ ಎಳೆದೊಯ್ದಳು. ಒಂದಿಷ್ಟು ಹೊತ್ತಿಗೆ ಹಿಟ್ಟು ತೊಳೆದುಹೋಗಿ, ಗಮ್ಮು ಮೆದುವಾಗಿ, ಬೆರಳು ಬಿಟ್ಟವು.

ಪ್ರಶ್ನೆಪತ್ರಿಕೆ ಮುಂದೆ ಬಂತು. ಮೊದಲ ಲೆಕ್ಕ ನೋಡಿಯೇ ಅಸ್ಮಾ ಬೆವೆತಳು. "ನಾ ಕಣ್ಣು ಹೊಡೆದದ್ದು ನಿನಗ ತಿಳೀಲಿಲ್ಲೇನಲೇ?" ಎಂದು ಪಿಸುಗುಟ್ಟಿದಳು.

"ತಿಳೀತು," ಎಂದಳು ಸಂಘಮಿತ್ರಾ, ಹೆಡ್‌ಫೋನು ಏರಿಸಿಕೊಳ್ಳುತ್ತಾ. "ನೀ ಮನಿಗೆ ಹೋದ್ರ ಇಲ್ಲಿ ಹಿಂದಿನ ಬೆಂಚಿನ ಮಾರೇಶ್ ಬಂದು ಕೂಡ್ತಾನ. ನನಗ ನೀನ ಬೇಕು."