ನಲವತ್ತೊಂದು ಡಿಗ್ರಿಯಲ್ಲಿ ಹಿಮಪಾತ

ಹವಾಮಾನದ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಮನುಷ್ಯನಾಗಲಿ, ಮೋಡವಾಗಲಿ ಇನ್ನೂ ಹುಟ್ಟಿಲ್ಲ ಎಂದು ಆ ಭಾನುವಾರ ಊಟದ ಮೇಜಿನ ಮುಂದೆ ಘೋಷಿಸಿಬಿಟ್ಟೆ. ಸುಮ್ಮನೆ ಅಲ್ಲ! ಮೂವತ್ತೆರಡು ವರ್ಷ ಹವಾಮಾನ ಕಚೇರಿಯಲ್ಲಿ ಮುನ್ಸೂಚನೆ ಬರೆದ ಕೈ ಇದು. ನಾನು ‘ಭಾರಿ ಮಳೆ’ ಎಂದು ಬರೆದ ದಿನ ಜನ ಧೈರ್ಯವಾಗಿ ಬಟ್ಟೆ ಒಣಹಾಕುತ್ತಿದ್ದರು ಎಂಬುದು ಶತ್ರುಗಳ ಅಪಪ್ರಚಾರ.

ಘೋಷಣೆಗೆ ಕಾರಣ ನಮ್ಮ ಅತ್ತೆಯ ಹಾಸಿಗೆ.

“ಅಳಿಯಂದಿರೇ, ಇದರೊಳಗೆ ಹತ್ತಿ ಇದೆಯೋ, ಜಲ್ಲಿಕಲ್ಲು ಇದೆಯೋ? ನನ್ನ ಸೊಂಟ ಸೊಂಟದ ಜಾಗದಲ್ಲೇ ಇಲ್ಲ” ಎಂದು ಒಂದು ವಾರದಿಂದ ಅವರು ನರಳುತ್ತಿದ್ದರು. ಹತ್ತಿ ಹಿಂಜುವವನು ಸಂಜೆ ಐದಕ್ಕೆ ಬಂದು ಹೊಸದಾಗಿ ತುಂಬಿ ಹೊಲಿದುಕೊಡುತ್ತೇನೆ, ಅಷ್ಟರೊಳಗೆ ಹತ್ತಿಗೆ ಬಿಸಿಲು ಕಾಣಿಸಿ ಎಂದಿದ್ದ. ಬಿಸಿಲೋ, ನಲವತ್ತೊಂದು ಡಿಗ್ರಿ! ತಾರಸಿಯ ಮೇಲೆ ಕೂತ ಕಾಗೆ ಒಂದು ಕಾಲೆತ್ತಿ ಇನ್ನೊಂದು ಕಾಲಿಡುತ್ತಾ ಕುಣಿಯುತ್ತಿತ್ತು.

ನನ್ನವಳು ಪತ್ರಿಕೆ ಮುಂದೆ ಹಿಡಿದಳು. “ಇಲ್ನೋಡ್ರೀ, ನಿಮ್ಮ ಕಚೇರಿಯವರೇ ಹೇಳಿದ್ದಾರೆ. ಈ ವಾರ ಬಿಸಿಲು ಏರ್ತಾನೇ ಹೋಗುತ್ತಂತೆ, ಅಲ್ಲಲ್ಲಿ ಗುಡುಗು ಮಳೆಯಂತೆ.”

“ಅಲ್ಲಲ್ಲಿ ಅಂದ್ರೆ ಇಲ್ಲಲ್ಲ ಕಣೇ! ಎಲ್ಲಿ ಅಂತ ನಮಗೆ ಗೊತ್ತಿಲ್ಲದಾಗ ಹಾಗೆ ಬರೀತೀವಿ.”

“ಗೊತ್ತಿಲ್ಲ ಅಂದ್ಮೇಲೆ ಇಲ್ಲೇ ಯಾಕೆ ಬರಬಾರದು?”

ಇಂಥ ಪ್ರಶ್ನೆ ಕೇಳುವವರನ್ನು ನಮ್ಮ ಕಚೇರಿಯಲ್ಲಿ ಹಳೇ ಕುರ್ಚಿಗಳ ಕೊಠಡಿಗೆ ವರ್ಗ ಮಾಡುತ್ತಿದ್ದೆವು. ಹೆಂಡತಿಯನ್ನು ಎಲ್ಲಿಗೆ ವರ್ಗ ಮಾಡುವುದು?

“ಹತ್ತಿ ನೆನೆದ್ರೆ ನಾನೆಲ್ಲಿ ಮಲಗ್ಲಪ್ಪಾ?” ಎಂದರು ಅತ್ತೆ.

“ನನ್ನ ಹಾಸಿಗೆ ನಿಮ್ಮದೇ ಅನ್ಕೊಳ್ಳಿ ಅತ್ತೆ!” ಎಂದು ದಾನಶೂರನಂತೆ ಎದೆ ತಟ್ಟಿಕೊಂಡೆ.

ಬ್ಲೇಡಿನಿಂದ ಹಾಸಿಗೆಯ ಹೊಟ್ಟೆ ಸೀಳಿ, ಹದಿನಾಲ್ಕು ಕಿಲೋ ಹತ್ತಿಯನ್ನು ತಾರಸಿಯ ತುಂಬ ಹರಡಿದೆ. “ಮೇಲೊಂದು ಬೆಡ್‌ಶೀಟಾದ್ರೂ ಹೊದಿಸ್ರೀ” ಎಂದು ಅವಳು ಮೆಟ್ಟಿಲಿನಿಂದ ಕೂಗಿದಳು. ಸೂರ್ಯನಿಗೇ ಅವಮಾನ! ಹೊದಿಸಲಿಲ್ಲ.

ಮೂರೂವರೆಗೆ ಪಡುವಣದಲ್ಲಿ ಅಂಗೈಯಗಲದ ಮೋಡ ಕಾಣಿಸಿತು. ನಾನು ಅದನ್ನು ಗುಮಾಸ್ತನ ಕಡೆ ನೋಡುವ ಹಾಗೆ ನೋಡಿದೆ. ಹತ್ತು ನಿಮಿಷದಲ್ಲಿ ಅದು ಎಮ್ಮೆಯಾಯಿತು, ಆನೆಯಾಯಿತು, ಕೊನೆಗೆ ಥೇಟ್ ನಮ್ಮ ಹಳೆಯ ಡೈರೆಕ್ಟರಾಯಿತು! ಎಲೆ ಅಲುಗುತ್ತಿರಲಿಲ್ಲ. ಒಂದೇ ಒಂದು ಎಳೆ ಹತ್ತಿ ಮೆಲ್ಲನೆ ಎದ್ದು ನನ್ನ ಮೂಗಿಗೆ ನಮಸ್ಕಾರ ಮಾಡಿ ಹೋಯಿತು. ಅದರ ಹಿಂದೆಯೇ ಬೀಸಿತು ನೋಡಿ ಗಾಳಿ! ಹದಿನಾಲ್ಕು ಕಿಲೋ ಒಟ್ಟಿಗೆ ರಾಜೀನಾಮೆ ಕೊಟ್ಟು ಹೊರಟಿತು. ನಾನು ತಬ್ಬಿಕೊಂಡದ್ದು ಎರಡು ಕಿಲೋ, ನುಂಗಿದ್ದು ಅರ್ಧ.

ಕೆಳಗೆ ನಲವತ್ತೊಂದು ಡಿಗ್ರಿಯ ಬೀದಿಯಲ್ಲಿ ಹಿಮಪಾತ! ಮಕ್ಕಳು ಚಪ್ಪಾಳೆ ತಟ್ಟಿದರು. ಎದುರಿನ ಕಟಿಂಗ್ ಶಾಪಿನಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದವರೊಬ್ಬರು ಕ್ಷಣಾರ್ಧದಲ್ಲಿ ನೂರು ವರ್ಷದ ಋಷಿಯಾದರು. ಬಿಸಿಲಿಗೆ ಮೈಯೆಲ್ಲ ಕೂದಲುದುರಿಸಿಕೊಳ್ಳುತ್ತಿದ್ದ ಆ ಅಂಗಡಿಯ ಕಂದು ನಾಯಿ ಹತ್ತಿಯಲ್ಲಿ ಹೊರಳಾಡಿ ಕುರಿಯಾಯಿತು. ಆಮೇಲೆ ಗುಡುಗು, ಸಿಡಿಲು, ಮಳೆ! ನನ್ನ ತೋಳಿನಲ್ಲಿದ್ದ ಹತ್ತಿ ಗಂಜಿಯಾಗಿ ಇಳಿಯಿತು.

ಮೆಟ್ಟಿಲ ಮೇಲೆ ನಿಂತು ನನ್ನವಳು ಕೇಳಿದಳು: “ಎಲ್ರೀ ಬರ್ತಿದೆ ಮಳೆ?”

“ಅಲ್ಲಲ್ಲಿ” ಎಂದೆ, ಬಾಯಲ್ಲಿದ್ದ ಹತ್ತಿಯ ನಡುವಿನಿಂದ.

ಸಂಜೆ ಗೋಣಿಚೀಲ ಹಿಡಿದು ಮನೆಮನೆಗೆ ಹೋದೆ. ಜನ ದೇವರಂಥವರು. ಕಿಟಕಿಯಿಂದ, ಚರಂಡಿಯಿಂದ, ತಲೆಯಿಂದ ಬಿಡಿಸಿಕೊಟ್ಟರು. ಕಟಿಂಗ್ ಶಾಪಿನಾತನಂತೂ ಎರಡು ಚೀಲ ತಂದಿಟ್ಟ. “ಒಂದೆಳೆ ಬಿಟ್ಟಿಲ್ಲ ಸಾರ್! ಅಂಗಡಿಯೆಲ್ಲಾ ಗುಡಿಸಿ ತುಂಬಿದ್ದೀನಿ.”

ಅತ್ತೆ ನನ್ನ ಹಾಸಿಗೆಗೆ ಬಂದರು. ನಾನು ಬರೀ ಹಲಗೆಗೆ ಹೋದೆ. ಎರಡು ದಿನ ಒಣಗಿಸಿದ ಮೇಲೆ ಹಿಂಜುವವನು ಬಂದು ತೂಗಿದ. ಹತ್ತೊಂಬತ್ತು ಕಿಲೋ!

“ನೋಡಿದೆಯೇನೇ? ಹದಿನಾಲ್ಕು ಹೋಯ್ತು, ಹತ್ತೊಂಬತ್ತು ಬಂತು!” ಎಂದು ಮೀಸೆ ತಿರುವಿದೆ.

ಅವಳು ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದಳು. ಕಪ್ಪು ಕೂದಲು, ಬಿಳಿ ಕೂದಲು, ಬಣ್ಣ ಹಾಕಿದ ಕೂದಲು, ಎರಡು ಅಂಗಿ ಗುಂಡಿ, ಮಿಕ್ಕಿದ್ದೆಲ್ಲ ಕಂದು ನಾಯಿಯ ರೋಮ.

ಅತ್ತೆ ಕನ್ನಡಕ ಸರಿಮಾಡಿಕೊಂಡು ಅದನ್ನೇ ದಿಟ್ಟಿಸಿ ನೋಡಿದರು. “ಅಳಿಯಂದಿರೇ, ನಿಮ್ಮ ಹಾಸಿಗೇನೇ ನನ್ನ ಸೊಂಟಕ್ಕೆ ಒಗ್ಗಿಬಿಟ್ಟಿದೆ. ಇದನ್ನ ಹೊಲಿಸಿ ನೀವೇ ಇಟ್ಕೊಳ್ಳಿ.”

ಅಂದಿನಿಂದ ನಾನು ಇಡೀ ಬೀದಿಯ ತಲೆಯ ಮೇಲೆ ಮಲಗುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. “ಇವತ್ತು ಹನಿ ಬಿದ್ದರೆ ಕೇಳು” ಎಂದು ಹೇಳಿ ಕಾಲು ಚಾಚಿದ್ದೆ. ಆ ನಾಯಿ ಬೀದಿ ದಾಟಿ, ನೆಟ್ಟಗೆ ಒಳಗೆ ಬಂದು, ಹಾಸಿಗೆ ಹತ್ತಿ, ಮೂರು ಸುತ್ತು ತಿರುಗಿ, ತನ್ನ ರೋಮದ ವಾಸನೆಯಲ್ಲಿ ಮೂಗಿಟ್ಟು ಮಲಗಿತು. ಈ ವಾರದಲ್ಲಿ ಇದು ಮೂರನೇ ಸಲ. ಹಿಂದಿನ ಎರಡು ಸಲವೂ ಅದು ಬಂದು ಮಲಗಿದ ಸ್ವಲ್ಪ ಹೊತ್ತಿಗೆ ಮಳೆ ಹೊಡೆದಿತ್ತು. ನನ್ನವಳು ಸೌಟು ಬಿಸಾಕಿ ತಾರಸಿಗೆ ಓಡಿದಳು. ಒಣಹಾಕಿದ್ದ ಕೊನೆಯ ಟವೆಲ್ಲು ಒಳಗೆ ಬರುವುದಕ್ಕೂ ಮಳೆ ಬೀಳುವುದಕ್ಕೂ ಸರಿಹೋಯಿತು.

ನಾನು ನಾಯಿಯನ್ನು ತಳ್ಳಲು ಕೈ ಎತ್ತಿದೆ.

“ಮುಟ್ಟೀರಿ ಜೋಕೆ!” ಎಂದಳು. “ನೀವೇ ಸ್ವಲ್ಪ ಸರಿದು ಮಲಗಿ. ಅದು ಡ್ಯೂಟಿ ಮೇಲೆ ಬಂದಿದೆ.”