ನನ್ನ ಚಪ್ಪಟೆ ಪಾದದ ಪುರಾವೆ

ಒಬ್ಬನೇ ಬದುಕುವವನಿಗೆ ಒಂದು ಅನುಕೂಲವಿದೆ: ಅವನ ನೆನಪುಗಳನ್ನು ತಿದ್ದುವವರು ಮನೆಯಲ್ಲಿ ಯಾರೂ ಇರುವುದಿಲ್ಲ. ನನ್ನ ಮನೆಯಲ್ಲಿ ನನ್ನನ್ನು ಬಿಟ್ಟರೆ ಸದ್ದು ಮಾಡುವುದು ಗೋಡೆಯ ಗಡಿಯಾರವೊಂದೇ. ಅದೂ ಹತ್ತು ನಿಮಿಷ ಮುಂದಿದೆ. ಹೀಗಾಗಿ, ಹದಿನೇಳನೆಯ ವಯಸ್ಸಿನಲ್ಲಿ ನಾನು ಸೈನಿಕ ಕಾಲೇಜಿನ ಲಿಖಿತ ಪರೀಕ್ಷೆ ಪಾಸಾಗಿ, ಪಾದ ಚಪ್ಪಟೆ ಎಂಬ ಒಂದೇ ಕಾರಣಕ್ಕೆ ವಾಪಸು ಬಂದ ಕಥೆ ಬನಹಟ್ಟಿಯ ನಮ್ಮ ಓಣಿಯಲ್ಲಿ ವರ್ಷಗಳಿಂದ ಚಾಲ್ತಿಯಲ್ಲಿದೆ. ಧಾರವಾಡದಲ್ಲಿ ಎಂ.ಎ. ಓದುವಾಗ ಯಾರು ಏನೇ ಹೇಳಿದರೂ ಪುರಾವೆ ಕೇಳುವುದನ್ನು ಕಲಿತೆ. ಈ ಕಥೆಯೊಂದಕ್ಕೆ ಮಾತ್ರ ಕೇಳಿರಲಿಲ್ಲ.

ಆ ಕಥೆಯನ್ನು ನಂಬಿಯೇ ಎದುರು ಮನೆಯ ನೇಕಾರ ಮಲ್ಲಪ್ಪ ಪಿಯುಸಿ ಓದುವ ಮಗಳು ಕಾವೇರಿಯನ್ನು ಕರೆದುಕೊಂಡು ಬಂದ. "ಸರ, ಈಕಿ ಮಿಲಿಟ್ರಿ ಸೇರತೇನಂತಾಳ. ಯಾವ ಕಾಲೇಜು ಛಲೋ ಅಂತ ನೀವ ಹೇಳ್ರಿ. ನೀವು ಬಾಗಲದ ತನಕಾನಾದ್ರೂ ಹೋಗಿ ಬಂದವರು" ಎಂದ. ಅರ್ಜಿಗಳ ಕಡೆಯ ದಿನಕ್ಕೆ ಆಗ ಎರಡು ವಾರವೂ ಉಳಿದಿರಲಿಲ್ಲ.

ಮರುದಿನದಿಂದ ಕಾವೇರಿ ಸಂಜೆ ಬರತೊಡಗಿದಳು. ನಾನು ಮೂರು ಸೈನಿಕ ಕಾಲೇಜುಗಳ ಹೆಸರು ಬರೆದು, ಗೆರೆ ಎಳೆದು, ಗುಣದೋಷ ತುಂಬಿದೆ. "ಇಲ್ಲಿ ಹೆಣ್ಣುಮಕ್ಕಳನ್ನು ತಗೊಳ್ಳೋದಿಲ್ಲ" ಎಂದರೆ, "ಈಗ ತಗೋತಾರ್ರಿ ಸರ" ಎಂದು ಆಕೆ ಫೋನು ತೋರಿಸುತ್ತಿದ್ದಳು. ನಾನು ಹೊಡೆದು ಹಾಕಿ ಮತ್ತೆ ಬರೆಯುತ್ತಿದ್ದೆ. ದಿನಕ್ಕೊಂದು ಸಂಶಯ ಎತ್ತಿ, "ನಾಳೆ ನೋಡೋಣ" ಎಂದು ಕಳಿಸುತ್ತಿದ್ದೆ. ಸಂಶೋಧನೆ ಹೀಗೆಯೇ ನಡೆಯಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಎರಡು ಕಪ್ ಚಹಾಕ್ಕೆ ನೀರಿಡುವುದು ಹಿತವಾಗಿತ್ತು. ಕಾಲೇಜು ಗೊತ್ತಾದರೆ ಆಕೆ ಬರುವುದು ನಿಲ್ಲುತ್ತಿತ್ತು.

ಒಂಬತ್ತನೆಯ ಸಂಜೆ ಮಲ್ಲಪ್ಪನೇ ಬಂದು ನನ್ನ ಪಟ್ಟಿ ನೋಡಿದ. "ಸರ, ಯಾವ ಸೀರಿ ಅನ್ನೋದು ಗೊತ್ತಾದ ಮ್ಯಾಲೇ ನಾವು ಮಗ್ಗಕ್ಕ ಹಾಸಿನ ನೂಲು ಹೂಡೋದು. ಈಕಿಗೆ ಏನಾಗಬೇಕಂತ ಕೇಳೀರೇನು?"

ಕೇಳಿರಲಿಲ್ಲ. ಒಂಬತ್ತು ಸಂಜೆಯೂ ನಾನು ನನಗೇ ಕಾಲೇಜು ಹುಡುಕುತ್ತಿದ್ದೆ.

"ನಾಯಿ ಡಾಕ್ಟರ್ರಿ" ಎಂದಳು ಕಾವೇರಿ. "ತಿಮ್ಮಾಪುರದ ನಾಯಿ ಸಾಕೋ ಕೇಂದ್ರದಾಗ ಮುಧೋಳ ನಾಯಿ ನೋಡೇನ್ರಿ. ಅಂಥಾವು ಮಿಲಿಟ್ರಿಗೆ ಹೋಗತಾವಲ್ರಿ, ಅಲ್ಲಿ ಅವನ್ನ ನೋಡಿಕೊಳ್ಳೋ ಆಫೀಸರ್."

ಹಾಗಿದ್ದರೆ ನನ್ನ ಮೂರೂ ಕಾಲೇಜು ಬೇಡ. ಮೊದಲು ಪಶುವೈದ್ಯ ಕಾಲೇಜು, ಆಮೇಲೆ ಸೇನೆ. ಫೋನಿನಲ್ಲಿ ಹುಡುಕಿದರೆ, ಅದರ ಪ್ರವೇಶ ಪರೀಕ್ಷೆಯ ಅರ್ಜಿಗೆ ಮರುದಿನವೇ ಕೊನೆ. ಇನ್ನೆರಡು ಸಂಶಯ ಎತ್ತಿದ್ದರೆ ಈ ಹುಡುಗಿಯ ಒಂದು ವರ್ಷ ನನ್ನ ಚಹಾದ ಜೊತೆ ಹೋಗುತ್ತಿತ್ತು. ಅಲ್ಲೇ ಕೂತು ಅರ್ಜಿ ತುಂಬಿದೆವು.

ಮುಗಿದ ಮೇಲೆ ಆಕೆ, ಮುಂದೆ ಸೇನೆಯವರು ಪಾದ ನೋಡುತ್ತಾರಲ್ಲ ಎಂದು, ಬಚ್ಚಲಲ್ಲಿ ಕಾಲು ತೋಯಿಸಿಕೊಂಡು ಬಂದು ಕಲ್ಲಿನ ನೆಲದ ಮೇಲೆ ಇಟ್ಟಳು. ಒದ್ದೆ ಗುರುತು ಮೂಡಿತು: ಹಿಮ್ಮಡಿ, ಬೆರಳು, ನಡುವೆ ಚಪ್ಪಟೆ ಪಾದಕ್ಕಿರದ ಚಂದದ ಬಾಗು. "ಸರ, ನೀವೂ ಇಡ್ರಿ. ಚಪ್ಪಟಿ ಪಾದ ಹೆಂಗಿರತೈತಿ ನೋಡೂಣು."

ಬಲಗಾಲು ಇಟ್ಟೆ. ಅಲ್ಲೂ ಅದೇ ಬಾಗು ಮೂಡಿತು. ಮಲ್ಲಪ್ಪ ಬಗ್ಗಿ ನೋಡಿ, "ಛಲೋನ ಐತಲ್ರಿ" ಎಂದ. ಕಾವೇರಿ ಒಂದು ಕ್ಷಣ ನನ್ನ ಮುಖ ನೋಡಿದಳು. "ಹಾಸಗಲ್ಲು ತೆಗ್ಗ ಬಿದ್ದೈತಿ, ಅಪ್ಪಾ. ಇದರಾಗ ಖರೆ ಗೊತ್ತಾಗಂಗಿಲ್ಲ" ಎಂದು ಅಪ್ಪನನ್ನು ಎಬ್ಬಿಸಿಕೊಂಡು ಹೋದಳು.

ಆ ವರ್ಷ ನಾನು ವೈದ್ಯರ ಮುಂದೆ ನಿಂತಿದ್ದೆನೋ, ಅಥವಾ ಹೋಗಲೋ ಬೇಡವೋ ಎಂದು ಮನೆಯಲ್ಲೇ ಕೂತಿದ್ದೆನೋ, ಈಗ ಹೇಳುವವರಿಲ್ಲ. ಸಂಜೆಯಾದರೆ ಕೈ ತಾನಾಗಿ ಎರಡು ಕಪ್ ನೀರು ಇಡುತ್ತದೆ. ಎಡಗಾಲನ್ನು ಮಾತ್ರ ನಾನಿನ್ನೂ ತೋಯಿಸಿ ನೋಡಿಲ್ಲ. ಮನೆಯಲ್ಲಿ ಜೊತೆಗೆ ಒಂದು ಸಂಶಯವಾದರೂ ಇರಲಿ.