ಮಾಮ ತಿಂದ ಮೂರು ಮಾವಿನ ಜೆಲ್ಲಿ

ಆ ಬುಧವಾರ ಬೆಳಿಗ್ಗೆ ಸರಿಯಾಗಿ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಎಲ್ಲವೂ ಕೆಡಲು ಶುರುವಾಯಿತು. ಗೋಡೆ ಗಡಿಯಾರ ನೋಡಿದ್ದು ನೆನಪಿದೆ. ನೋಡಬೇಕಾಗಿದ್ದ ಡಬ್ಬಿಯ ಚೀಟಿ ನೋಡಲಿಲ್ಲ, ಅದೇ ನನ್ನ ಸಂಕಟ.

ಮೊದಲು ನಮ್ಮ ಮಾಮನ ವಿಷಯ ಹೇಳಿಬಿಡುತ್ತೇನೆ. ಅಮ್ಮನ ತಮ್ಮ. ಅವರನ್ನು ಜೈಲಿಗೆ ಹಾಕಲು ಯಾವ ಸರ್ಕಾರಕ್ಕೂ ಧೈರ್ಯ ಸಾಲದು. ಹಾಕಿದರೆ ಮೂರೇ ದಿನಕ್ಕೆ ಜೈಲಿನವರೇ ಬಿಡುಗಡೆಗೆ ಅರ್ಜಿ ಹಾಕಿಕೊಳ್ಳುತ್ತಾರೆ! ಅಷ್ಟು ಕಾನೂನು ಮಾತಾಡುತ್ತಾರೆ. ಚಹಾ ತೋಟವನ್ನು ತಮ್ಮನಿಗೆ ಬಿಟ್ಟುಕೊಟ್ಟು, ಊಟಿ ಬೆಟ್ಟದ ಬುಡದ ಮಾವನಲ್ಲ ಎಂಬ ಹಳ್ಳಿಯಲ್ಲಿ ಮಾಮಿಯೊಂದಿಗೆ ಎರಡು ಕೋಣೆಯ ಹೋಮ್‌ಸ್ಟೇ ನಡೆಸುತ್ತಾರೆ. ಬಂದ ಅತಿಥಿಗಳಲ್ಲಿ ಯಾರಾದರೊಬ್ಬರು ಮೆಲ್ಲಗೆ, "ಅಂಕಲ್, ಇಲ್ಲಿ 'ಅದು' ಸಿಗುತ್ತಾ?" ಎಂದು ಕೇಳುವುದು ವಾಡಿಕೆ. ಬೇರೆಯವರಾದರೆ ಇಲ್ಲ ಎನ್ನುತ್ತಿದ್ದರು. ಮಾಮ ಕುರ್ಚಿ ಎಳೆದುಕೊಂಡು ಕೂರುತ್ತಾರೆ!

ಆ ವಾರ ನಾನು ರಜೆಗೆ ಅಲ್ಲಿಗೆ ಹೋಗಿದ್ದಾಗ ಬಂದಿದ್ದವರು ಅಮೆರಿಕದ ದಂಪತಿ. ಅವರ ರಾಜ್ಯದಲ್ಲಿ ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಇದೆಯಂತೆ. ಪಾಪ, ಅವರು ಏನನ್ನೂ ಕೇಳಿರಲಿಲ್ಲ, ತಮ್ಮ ಊರಿನ ಹೆಸರು ಹೇಳಿದ್ದರು ಅಷ್ಟೆ. ಮೈಸೂರಿನಾಚೆಗೆ ಕಾಲಿಡದ ಮಾಮ ಅವರಿಗೆ ಅವರದೇ ರಾಜ್ಯದ ಕಾನೂನು ಹೇಳಿಕೊಡಲು ಕುಳಿತರು. "ನಿಮ್ಮಲ್ಲಿ ಇಪ್ಪತ್ತೊಂದು ತುಂಬಿದವರು ಅಂಗಡಿಯಲ್ಲಿ ಕೊಳ್ಳಬಹುದು. ಬೀದಿಯಲ್ಲಿ ಸೇದುವ ಹಾಗಿಲ್ಲ. ಸೇವಿಸಿ ಗಾಡಿ ಓಡಿಸುವ ಹಾಗಿಲ್ಲ. ರಾಜ್ಯದ ಗಡಿ ದಾಟಿಸುವ ಹಾಗಿಲ್ಲ, ವಿಮಾನದ ಹತ್ತಿರವೂ ಒಯ್ಯುವ ಹಾಗಿಲ್ಲ. ತಿನ್ನುವ ಮಾಲಾದರೆ ಚೂರೇ ಚೂರು ತಿಂದು ಎರಡು ಗಂಟೆ ಸುಮ್ಮನೆ ಕಾಯಬೇಕು. ಇಲ್ಲಿಯೋ? ಗಿಡದ ಹೂವು, ಅದರ ಅಂಟು, ಎಲ್ಲಾ ನಿಷೇಧ. ಸಿಕ್ಕಿಬಿದ್ದರೆ ಜಾಮೀನೂ ಕಷ್ಟ!" ಕೊನೆಯ ಮಾತಿಗೆ ಆ ಹೆಂಗಸಿನ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದೆ. ಎರಡು ದಿನ ಇರಬೇಕಿದ್ದವರು ಮರುದಿನ ಬುಧವಾರ ಬೆಳಿಗ್ಗೆ ತಿಂಡಿಯನ್ನೂ ತಿನ್ನದೆ ಹೊರಟುಹೋದರು.

ಕೋಣೆ ಗುಡಿಸುವಾಗ ದಿಂಬಿನ ಹಿಂದೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಮೇಲೆ ಚೆಂದದ ಮಾವಿನಹಣ್ಣಿನ ಚಿತ್ರ. ಮಾಮ ಕನ್ನಡಕ ಹುಡುಕುತ್ತಾ, "ಏನಂತ ಬರೆದದ, ನೋಡು ಮಗಾ" ಎಂದರು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಡಬ್ಬಿಯತ್ತ ಅರ್ಧ ಕಣ್ಣು ಹಾಯಿಸಿ, "ಮಾವಿನ ಜೆಲ್ಲಿ" ಎಂದೆ!

ಮಾಮ ಹುಟ್ಟಿನಿಂದಲೇ ಚಹಾದವರು. ಫ್ಯಾಕ್ಟರಿಯಲ್ಲಿ ರುಚಿ ನೋಡುವಾಗ ಒಂದು ಗುಟುಕಿಗೆ ತೀರ್ಪು ಕೊಡುವುದು ಅವರ ಪ್ರಕಾರ ಮಹಾಪಾಪ. ಒಂದು ಮಾಲಿಗೆ ಮೂರು ಸಲ ಬಾಯಿ ಇಡಬೇಕು. ಮೊದಲನೆಯದು ನಾಲಿಗೆಗೆ ಪರಿಚಯ, ಎರಡನೆಯದು ವಿಚಾರಣೆ, ಮೂರನೆಯದು ತೀರ್ಪು. ಚಹಾ ಆದರೆ ಉಗುಳುತ್ತಾರೆ. ಜೆಲ್ಲಿಯನ್ನು ಯಾರು ಉಗುಳುತ್ತಾರೆ? ಮೂರು ಸಲಕ್ಕೆ ಮೂರು ಜೆಲ್ಲಿ ಒಳಗೆ ಹೋದವು. "ಮಾವು ಕಮ್ಮಿ, ಸೊಪ್ಪಿನ ವಾಸನೆ ಜಾಸ್ತಿ. ಮಾಲು ಸುಮಾರು" ಎಂದು ತೀರ್ಪೂ ಹೊರಬಿತ್ತು. ಆಗ ಹನ್ನೊಂದು ಹತ್ತು.

ಹನ್ನೊಂದೂವರೆಗೆ ಜೀಪಿನಲ್ಲಿ ಊಟಿಗೆ ಹೊರಟೆವು. ಎರಡು ವರ್ಷದ ಹಿಂದೆ ಮಾಮನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು, ಅವತ್ತು ಅದರ ತಪಾಸಣೆ. ದಾರಿಗೆ ಇರಲಿ ಎಂದು ಡಬ್ಬಿಯನ್ನೂ ನನ್ನ ಚೀಲದಲ್ಲಿ ಹಾಕಿಕೊಂಡಿದ್ದೆ! ಘಾಟಿಯ ಬುಡದಲ್ಲಿ, ಬೆಟ್ಟಕ್ಕೆ ಯಾರೂ ಪ್ಲಾಸ್ಟಿಕ್ ಒಯ್ಯದಂತೆ ತಪಾಸಣೆ. ಮುಖಪರಿಚಯದ ಹುಡುಗಿಯೇ ಇದ್ದಳು. "ಅಣ್ಣಾ, ಪ್ಲಾಸ್ಟಿಕ್ ಬಾಟಲ್ ಇರುಕ್ಕಾ?" ಎಂದು ತಮಿಳಿನಲ್ಲಿ ಕೇಳಿದಳು. ಮಾಮ ಅವಳನ್ನೇ ತುಂಬಾ ಹೊತ್ತು ನೋಡಿ, "ನಿನ್ನ ಹೆಸರು ಎಷ್ಟು ಉದ್ದ ಇದ್ದದ!" ಎಂದರು. ಅವಳು ಹೆಸರನ್ನು ಹೇಳಿಯೇ ಇರಲಿಲ್ಲ. ಇಬ್ಬರೂ ನಕ್ಕರು, ನಾನೂ ನಕ್ಕೆ. ನನ್ನ ಚೀಲ ಬಿಚ್ಚಿ ನೋಡಿ, ತಗಡಿನ ಡಬ್ಬಿಯನ್ನು ಎತ್ತಿ ಹಿಡಿದು, "ಇಪ್ಪಡಿ ಇರಣುಂ!" ಎಂದು, ಇದ್ದರೆ ಹೀಗಿರಬೇಕು ಎಂದು ಹೊಗಳಿ ವಾಪಸು ಕೊಟ್ಟಳು. ಪ್ಲಾಸ್ಟಿಕ್ ಅಲ್ಲವಲ್ಲ!

ಕಲ್ಲಟ್ಟಿ ಘಾಟಿಗೆ ಮೂವತ್ತಾರು ತಿರುವು. ಒಂಬತ್ತನೆಯದೋ ಹತ್ತನೆಯದೋ ತಿರುವಿನ ನಟ್ಟನಡುವೆ ಮಾಮ ಜೀಪು ನಿಲ್ಲಿಸಿದರು.

"ಏಕೆ ಮಾಮಾ?"

"ಇರು. ಬೆಟ್ಟ ಮೊದಲು ಹೋಗಲಿ."

"ಬೆಟ್ಟ ಎಲ್ಲಿಗೆ ಹೋಗುತ್ತೆ?"

"ಊಟಿಗೆ. ಅದಕ್ಕೂ ಒಂದು ಕೆಲಸ ಇರದಾ?"

ನಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸ್ಟೀರಿಂಗ್ ಬಿಟ್ಟು, ಎರಡೂ ಕೈಗಳಿಂದ ಬೆಟ್ಟಕ್ಕೆ ದಾರಿ ತೋರಿಸತೊಡಗಿದರು. ಬ್ರೇಕಿನ ಮೇಲಿದ್ದ ಕಾಲೂ ಎದ್ದಿತು. ಜೀಪು ಹಿಂದಕ್ಕೆ ಉರುಳಿತು.

ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದೆ. ಹಿಂದಿನ ಚಕ್ರ ರಸ್ತೆಯಂಚಿನ ಕಲ್ಲಿಗೆ ತಾಗಿ ನಿಂತಿತು. ಕಲ್ಲಿನಾಚೆಗೆ ಬರೀ ಮಂಜು, ಕೆಳಗೆಲ್ಲೋ ಮರಗಳ ತುದಿ. ಮಾಮನ ಹಣೆಯಲ್ಲಿ ಬೆವರು. ಎದೆಯ ಮೇಲೆ ಕೈಯಿಟ್ಟುಕೊಂಡು, "ಒಳಗೆ ಯಾರೋ ಓಡುತ್ತಾ ಇದ್ದಾರ" ಎಂದರು. ಆಗ ಚೀಲದಿಂದ ಡಬ್ಬಿ ತೆಗೆದು ತಿರುಗಿಸಿ ಓದಿದೆ. ಒಂದೊಂದು ಜೆಲ್ಲಿಯಲ್ಲೂ ಹತ್ತು ಮಿಲಿಗ್ರಾಂ ಗಾಂಜಾ ಸತ್ವ. 'ಹೊಸಬರು ಅರ್ಧ ತಿಂದು ಎರಡು ಗಂಟೆ ಕಾಯಿರಿ. ಹೃದಯದ ತೊಂದರೆಯಿದ್ದರೆ ಬಳಸಬೇಡಿ.'

ಉಳಿದ ತಿರುವುಗಳಲ್ಲಿ ನಾನು ಓಡಿಸಿದೆ. ಜೀಪು ಓಡಿಸಿ ನಾಲ್ಕು ವರ್ಷವಾಗಿತ್ತು. ಪಕ್ಕದಲ್ಲಿ ಮಾಮ ಪ್ರತಿ ತಿರುವಿನಲ್ಲೂ ತಮಗೆ ತಾವೇ ಕಾನೂನು ಹೇಳಿಕೊಳ್ಳುತ್ತಿದ್ದರು: "ಸೇವಿಸಿ ಗಾಡಿ ಓಡಿಸುವ ಹಾಗಿಲ್ಲ... ಯಾರಪ್ಪಾ ಅದು ಓಡಿಸಿದ್ದು?"

ಆಸ್ಪತ್ರೆಯಲ್ಲಿ ಮಾಮನ ಮಾತಿಗೆ ನಗುತ್ತಿದ್ದ ವೈದ್ಯರು ನಾಡಿ ಹಿಡಿದೊಡನೆ ನಗು ನಿಲ್ಲಿಸಿದರು. ಎದೆಗೆ ತಂತಿಗಳನ್ನು ಅಂಟಿಸಿದರು. ಸಂಜೆಯವರೆಗೆ ಆ ಪರದೆಯ ಗೆರೆ ಕುದುರೆಯಂತೆ ಓಡುತ್ತಲೇ ಇತ್ತು, ನಾನು ಪಕ್ಕದಲ್ಲಿ ನಿಂತೇ ಇದ್ದೆ. ಐದೂವರೆಯ ಹೊತ್ತಿಗೆ ಗೆರೆ ನಡಿಗೆಗೆ ಇಳಿಯಿತು. ಎರಡು ದಿನ ಇಟ್ಟುಕೊಂಡು ಮನೆಗೆ ಕಳುಹಿಸಿದರು. ಡಬ್ಬಿಯನ್ನು ವೈದ್ಯರೇ ಪೊಲೀಸರಿಗೆ ಒಪ್ಪಿಸಿದರು. ಹೇಳಿಕೆ ಬರೆದುಕೊಳ್ಳಲು ಬಂದ ಇನ್‌ಸ್ಪೆಕ್ಟರಿಗೆ ಮಾಮ ಮಲಗಿದ್ದಲ್ಲಿಂದಲೇ ಎರಡು ಕಡೆ ತಿದ್ದುಪಡಿ ಸೂಚಿಸಿದರಂತೆ. ಇನ್‌ಸ್ಪೆಕ್ಟರು ಬೇಗನೆ ಸಹಿ ಹಾಕಿಸಿಕೊಂಡು ಹೊರಟುಹೋದರು. ಜೈಲಿನ ಮಾತು ನಾನು ಮೊದಲೇ ಹೇಳಿರಲಿಲ್ಲವೆ?

ನನಗೆ ಮಾತ್ರ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಜೀಪು ಹಿಂದಕ್ಕೆ ಉರುಳುತ್ತಿತ್ತು. ಅರ್ಧ ಕಣ್ಣಿನ ಬದಲು ಪೂರ್ತಿ ಕಣ್ಣಿನಿಂದ ನೋಡಿದ್ದರೆ? ಮಾಮನ ಎದೆ ತಡೆಯದೇ ಹೋಗಿದ್ದರೆ? ಯಾರಿಗೂ ಹೇಳಲಾಗಲಿಲ್ಲ.

ಮರುವಾರದ ಭಾನುವಾರ ಮಾವನಲ್ಲಕ್ಕೆ ಹೋದೆ. ಮಾಮಿ ಬಡಿಸುತ್ತಾ ಮಾಮನನ್ನು ಬೈಯುತ್ತಿದ್ದರು. "ಎಂ.ಎಸ್ಸಿ. ಓದಿದ ಹುಡುಗಿ ಮನೆಯಲ್ಲೇ ಇದ್ದಳಲ್ಲಾ, ಒಂದು ಮಾತು ಕೇಳಲಾಗಲಿಲ್ಲೆಯಾ ನಿನಗೆ?"

ಮಾಮ ಅನ್ನ ಕಲಸುತ್ತಾ ತಲೆಯೆತ್ತದೆ, "ಕೇಳಲಿಲ್ಲೆ. ನನ್ನ ಬುದ್ಧಿ ಅಷ್ಟೇ" ಎಂದರು.

ನಾನು ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟೆ. "ಕೇಳಿದ್ದರು ಮಾಮಿ. ನಾನೇ ಓದದೆ ಜೆಲ್ಲಿ ಅಂದೆ" ಎಂದು ಅತ್ತುಬಿಟ್ಟೆ. ಮಾಮಿಯ ಸೌಟು ನಿಂತಿತು.

"ಏ ಹುಚ್ಚಿ, ಅದನ್ನೆಲ್ಲಾ ಹೇಳಬೇಕಾ?" ಎಂದರು ಮಾಮ. ಆಮೇಲೆ, ನಾನು ಹಿಂದೆಂದೂ ಕೇಳದ ಸಣ್ಣ ಧ್ವನಿಯಲ್ಲಿ, "ನಾನೂ ನಿದ್ದೆ ಮಾಡಿಲ್ಲೆ ಮಗಾ. ದಿನಾ ಆ ಜೀಪು ಹಿಂದಕ್ಕೆ ಹೋಪದು. ನಾನು ಸತ್ತರೆ ಸತ್ತೆ. ಪಕ್ಕದ ಸೀಟಲ್ಲಿ ನೀನು ಇದ್ದೆ" ಎಂದರು.

ಮಾಮಿ ಇಬ್ಬರ ತಟ್ಟೆಗೂ ಇನ್ನೊಂದಿಷ್ಟು ಅನ್ನ ಬಡಿಸಿ, ಅಲ್ಲೇ ನಮ್ಮ ನಡುವೆ ಕುಳಿತುಕೊಂಡರು. ಆ ಭಾನುವಾರ ರಾತ್ರಿ ನಾನು ಬೆಳಗಾಗುವವರೆಗೂ ನಿದ್ದೆ ಮಾಡಿದೆ. ಮಾಮನೂ ಮಾಡಿದರಂತೆ. ಅವರ ಗೊರಕೆ ಕೇಳುತ್ತಾ ಮಾಮಿಯೊಬ್ಬರೇ ಎಚ್ಚರವಾಗಿ, ಖುಷಿಯಾಗಿ ಕುಳಿತಿದ್ದರಂತೆ.